ಕಿಟಕಿ ಪಕ್ಕದ ಕಂಪ್ಯೂಟರ್

ಕಂಪ್ಯೂಟರ್ ಮುಂದೆ ಕೂತವರು ಏನೂ ಎಡವಟ್ಟು ಮಾಡದೆ ಎದ್ದುಹೋದ ದಿನ ನನ್ನ ಅಂಗಡಿಯಲ್ಲಿ ಇನ್ನೂ ಬಂದಿಲ್ಲ. ಎಲ್ಲರೂ ನನ್ನನ್ನು ಕರೆದು ಹೇಳುವುದು ಒಂದೇ ಮಾತು: "ಮೇಡಂ, ನಾನೇನೂ ಮಾಡಿಲ್ಲ, ಅದಾಗದೇ ಹಿಂಗಾಯ್ತು." ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಬೋರ್ಡಿನ ಮೇಲೆ ಈಗ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಅಂತ ಏನೇನೋ ಇದೆ. ಕೆಳಗೆ ಮಾಸಿದ ಅಕ್ಷರದಲ್ಲಿ ಸೈಬರ್ ಸೆಂಟರ್ ಅಂತಲೂ ಇದೆ. ಅದನ್ನು ಅಳಿಸೋಕೆ ನನಗೆ ಮನಸ್ಸು ಬಂದಿಲ್ಲ.

ನಾನು ಶುರು ಮಾಡಿದಾಗ ಊರಿಗೆ ಇಂಟರ್ನೆಟ್ ಹೊಸದು. ಕರೆಂಟ್ ಇದ್ದಾಗ ಫೋನ್ ಲೈನ್ ಇರುತ್ತಿರಲಿಲ್ಲ, ಎರಡೂ ಇದ್ದಾಗ ಗಿರಾಕಿ ಇರುತ್ತಿರಲಿಲ್ಲ. ಮೋಡೆಮ್ಮು ಕುಂಯ್, ಕರ್ರ್ ಅಂತ ಒದ್ದಾಡಿ ಕನೆಕ್ಟ್ ಆಯಿತೆಂದರೆ ಕೂತವರೆಲ್ಲ "ಬಂತು, ಬಂತು" ಅಂತ ಬಸ್ಸು ಕಂಡ ಹಾಗೆ ಎದ್ದು ನಿಲ್ಲುತ್ತಿದ್ದರು. ನೆಲಕ್ಕೆ ಕಾರ್ಪೆಟ್ ಹಾಸಿದ್ದೆ. ಅದಕ್ಕೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದರು. ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡವರೂ ಉಂಟು.

ಈ ಅಂಗಡಿ ಅಂದರೆ ನನಗೆ ಪ್ರಾಣ. ನನ್ನವ್ವನಿಗೆ ಪ್ರಾಣಸಂಕಟ. ಸೈಬರ್ ಅಂದರೆ ಪರದೆ ಹಾಕಿದ ಗೂಡುಗಳು, ಒಳಗೆ ಕಾಲೇಜು ಹುಡುಗರು ಏನು ನೋಡುತ್ತಾರೋ ದೇವರಿಗೇ ಗೊತ್ತು ಅಂತ ಊರವರ ಮಾತು. ನಾನು ಪರದೆಗಳನ್ನೆಲ್ಲ ಕಿತ್ತುಹಾಕಿದೆ. ಅವ್ವ ಅದರಲ್ಲಿ ದಿಂಬಿನ ಕವರ್ ಹೊಲಿದಳು. ಆದರೂ 'ಸೈಬರ್ ಇಟ್ಟಿರೋ ಹುಡುಗಿ' ಅಂದ ಕೂಡಲೇ ಬಂದ ಸಂಬಂಧ ಬಂದ ಬಸ್ಸಿಗೇ ವಾಪಸ್ಸು. "ಅಂಗಡಿ ಮುಚ್ಚು, ಮದುವೆ ಆಗ್ತದೆ" ಅಂತ ಅವ್ವ. "ಅಂಗಡಿ ಮುಚ್ಚಿಸೋ ಗಂಡ ನಂಗೆ ಬ್ಯಾಡ" ಅಂತ ನಾನು. ಮುದ್ದೆ ತಿರುವುವಾಗ ಶುರುವಾದ ಜಗಳ ತಟ್ಟೆ ತೊಳೆಯುವಾಗಲೂ ಮುಗಿಯುತ್ತಿರಲಿಲ್ಲ. ಅದು ಹೇಗೆ ತೀರಿತು ಅಂತ ಕೊನೆಗೆ ಹೇಳುತ್ತೇನೆ, ಮೊದಲು ಮಿಕ್ಕವರ ಸಮಾಚಾರ.

ಕೇಳಬ್ಯಾಡ, ಹೇಳ್ತೀನಿ

ಇದು ಮೊನ್ನೆ ಮೊನ್ನೆಯದು. ಈಗ ಎಲ್ಲರ ಕೈಯಲ್ಲೂ ಫೋನಿದೆ, ಇಂಟರ್ನೆಟ್ ಜೇಬಿನಲ್ಲೇ ಇದೆ, ಆದರೂ ನನ್ನ ಅಂಗಡಿಗೆ ಬರುವುದು ತಪ್ಪಿಲ್ಲ. ಒಂದು ಅಜ್ಜಿ ಪಿಂಚಣಿ ಕೆಲಸಕ್ಕೆ ಬಂದಿತ್ತು. ವಿವರ ಎಲ್ಲ ತುಂಬಿಸಿ, "ಅಜ್ಜಿ, ನಿಮ್ಮ ಫೋನಿಗೆ ಓಟಿಪಿ ಬಂದೈತೆ, ಹೇಳಿ" ಅಂದೆ. ಅಜ್ಜಿ ಫೋನನ್ನು ಸೆರಗಿನೊಳಗೆ ಸೇರಿಸಿಕೊಂಡಿತು.

"ಅದೊಂದ ಮಾತ್ರ ಹೇಳಾಕಿಲ್ಲ ಕಣವ್ವ. ಬ್ಯಾಂಕ್ನೋರು ಯಾರ್ ಕೇಳುದ್ರೂ ಹೇಳ್ಬ್ಯಾಡ ಅಂದವ್ರೆ."

"ಹೇಳ್ದಿದ್ರೆ ಕೆಲಸ ಮುಂದಕ್ಕೆ ಹೋಗಲ್ಲ ಅಜ್ಜಿ."

"ಸ್ವಂತ ಮಗ ಕೇಳುದ್ರೂ ಹೇಳ್ಬ್ಯಾಡ ಅಂದವ್ರೆ. ನೀನು ನಂಗೆ ಏನಾಗ್ಬೇಕು?"

ಬ್ಯಾಂಕಿನವರು ಹೇಳಿದ್ದು ಸರಿಯಾಗೇ ಇತ್ತು. ಆ ಓಟಿಪಿಯ ಹೊತ್ತು ಮುಗಿಯಿತು, ಇನ್ನೊಂದು ಕಳಿಸಿದೆ, ಅದೂ ಹಾಗೇ ಹೋಯಿತು. ಹಿಂದೆ ಜೆರಾಕ್ಸಿಗೆ ನಿಂತವರು ಗೊಣಗತೊಡಗಿದರು. ಅಜ್ಜಿ ಯೋಚನೆ ಮಾಡಿ ಒಂದು ದಾರಿ ಹುಡುಕಿತು. "ಹಿಂಗ್ ಮಾಡು. ನೀನು ಕೇಳ್ಬ್ಯಾಡ. ಕೇಳ್ದೋರ್ಗೆ ತಾನೆ ಹೇಳ್ಬಾರ್ದು?"

ನಾನು ಬಾಯಿ ಮುಚ್ಚಿಕೊಂಡು ಕೂತೆ. ಅಜ್ಜಿಗೆ ಓದಲು ಬಾರದು, ಹಿಂದೆ ನಿಂತಿದ್ದ ಬಸ್ ಕಂಡಕ್ಟರ್ ಕೈಗೆ ಫೋನ್ ಕೊಟ್ಟಿತು. ಆತ ಮದ್ದೂರು ಮಂಡ್ಯ ಅಂತ ಕೂಗುವ ಗಂಟಲಿನಲ್ಲಿ ಅಷ್ಟೂ ಅಂಕಿಯನ್ನು ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದ. ಅಜ್ಜಿ ನೆಮ್ಮದಿಯಿಂದ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿತು, "ನೋಡ್ದಾ, ನಾನಂತೂ ಯಾರ್ಗೂ ಹೇಳ್ಲಿಲ್ಲ."

ಚಾಚಾನ ಮೇಲ್

ಸೈಬರ್ ಕಾಲದ ನನ್ನ ಖಾಯಂ ಗಿರಾಕಿ ಅಂದರೆ ಪಕ್ಕದ ಬೀದಿಯ ಗೊಂಬೆ ಮಾಡುವ ಚಾಚಾ. ಮರದ ಗೊಂಬೆಗೆ ಅರಗಿನ ಬಣ್ಣ ಹಚ್ಚುವುದರಲ್ಲಿ ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಬೆಂಗಳೂರಿನ ಅಂಗಡಿಯವನೊಬ್ಬ ಹೊಸ ಗೊಂಬೆಯ ಫೋಟೋ ಮೇಲ್ ಮಾಡಿ ಅಂದಿದ್ದನಂತೆ. ಚಾಚಾ ಒಂದು ಕುದುರೆ ಗೊಂಬೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಫೋಟೋ ತೆಗೆದು, ಮೇಲ್ ಬರೆದು, ಕಳಿಸುವ ಗುಂಡಿಯನ್ನು ಅವರ ಕೈಯಲ್ಲೇ ಒತ್ತಿಸಿದೆ. "ಹೋಯ್ತು ಚಾಚಾ" ಅಂದೆ.

"ಹೋಯ್ತಾ? ಯಾವ ಕಡೆಯಿಂದ ಹೋಯ್ತು?" ಅಂದರು. ಬಾಗಿಲ ಕಡೆ ನೋಡಿದರು. ಏನೂ ಹೋದದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಮಾರನೆಯ ದಿನ ಪತ್ತೆ ಇಲ್ಲ. ಸಂಜೆ ಟ್ರೇನ್ ಇಳಿದು ಸೀದಾ ಅಂಗಡಿಗೆ ಬಂದರು, ಮುಖ ಅರಳಿತ್ತು. "ಬೇಟಿ, ನಮ್ದು ಮೇಲ್ ಸಹೀ ಸಲಾಮತ್, ಒಂದ್ ಗೀರೂ ಇಲ್ದೆ ಮುಟ್ಟೈತೆ. ನಾನೇ ಬೆಂಗಳೂರಿಗೆ ಹೋಗಿ ನೋಡ್ಕೊಂಡ್ ಬಂದೆ. ಅವರು ಕಂಪ್ಯೂಟರ್ ತೆಗೆಯೋವರೆಗೂ ಬಾಗಿಲಲ್ಲೇ ನಿಂತಿದ್ದೆ."

"ಅಲ್ಲಾ ಚಾಚಾ, ನೀವೇ ಹೋಗೋದಾದ್ರೆ ಮೇಲ್ ಯಾಕೆ ಮಾಡಿದ್ರಿ?"

ಚಾಚಾ ಟವೆಲು ಬಿಚ್ಚಿದರು. ಒಳಗೆ ಅದೇ ಕುದುರೆ. "ಇದನ್ನೂ ತಗೊಂಡ್ ಹೋಗಿದ್ದೆ. ಇಂಟರ್ನೆಟ್‌ನಲ್ಲಿ ಅಷ್ಟು ದೂರ ಹೋಗ್ತದಲ್ಲ, ದಾರೀಲಿ ಬಣ್ಣ ಬಿಟ್ಟಿದ್ರೆ?"

ಉರುಳೋದು ಯಾವುದು

ಅಂಗಡಿಯ ಮೊದಲ ಆಯುಧಪೂಜೆಗೆ ನನ್ನ ಸೋದರಮಾವ ಬಂದ. ಅವ್ವನ ತಮ್ಮ. ಟ್ರ್ಯಾಕ್ಟರ್ ಓಡಿಸುತ್ತಾನೆ, ಆದ್ದರಿಂದ ಜಗತ್ತಿನಲ್ಲಿ ಇರುವ ಯಂತ್ರವೆಲ್ಲ ತನಗೆ ಗೊತ್ತು ಅನ್ನುವ ಆಸಾಮಿ. ನಾನು ಮಾನಿಟರುಗಳಿಗೆ ಅರಿಶಿನ ಕುಂಕುಮ ಇಟ್ಟೆ, ಹೂವು ಮುಡಿಸಿದೆ. ಬಾಗಿಲಲ್ಲಿ ಬೂದುಗುಂಬಳ ಒಡೆದದ್ದೂ ಆಯಿತು. ಅವನಿಗೆ ಸಮಾಧಾನ ಇಲ್ಲ.

"ನಿಂಬೆಹಣ್ಣು ಹತ್ತಿಸ್ಲಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸ್ದೆ ಪೂಜೆ ಹೆಂಗಾಯ್ತದೆ?"

"ಕಂಪ್ಯೂಟರ್‌ಗೆ ಚಕ್ರ ಎಲ್ಲೈತೆ ಸುಮ್ನಿರು."

"ಉರುಳೋದು ಒಂದೂ ಇಲ್ವಾ ಇದ್ರಲ್ಲಿ?"

ನಾನು ಬುದ್ಧಿಯಿಲ್ಲದೆ ಮೌಸ್ ತಿರುಗಿಸಿ ತೋರಿಸಿದೆ. ಆಗಿನ ಮೌಸಿನ ಹೊಟ್ಟೆಯಲ್ಲಿ ಒಂದು ರಬ್ಬರ್ ಗುಂಡು ಇರುತ್ತಿತ್ತು, ಅದು ಉರುಳಿದರೆ ಮಾತ್ರ ಪರದೆಯ ಮೇಲೆ ಬಾಣ ಓಡೋದು. ಸೋದರಮಾವನ ಮುಖದಲ್ಲಿ ಬೆಳಕು ಹತ್ತಿತು. ನಾನು ತಡೆಯೋದರೊಳಗೆ ನಿಂಬೆಹಣ್ಣಿನ ಮೇಲೆ ಮೌಸ್ ಇಟ್ಟು, ಟ್ರ್ಯಾಕ್ಟರ್ ಹತ್ತಿಸುವವನ ಹಾಗೆ ಮೈಭಾರ ಬಿಟ್ಟು ಒತ್ತಿದ.

ಆ ಮೌಸಿನ ಬಾಣ ಆಮೇಲೆ ಎಡಕ್ಕೆ ಮಾತ್ರ ಹೋಗುತ್ತಿತ್ತು. ಅದರಲ್ಲಿ ಕೆಲಸ ಮಾಡಿ ಎದ್ದವರು ಕೈ ಮೂಸಿ ನೋಡಿಕೊಂಡು, "ಮೇಡಂ, ಇವತ್ತು ಚಿತ್ರಾನ್ನನಾ?" ಅಂತ ಕೇಳುತ್ತಿದ್ದರು.

ಪಾಸು ಮಾಡೋ ಕಂಪ್ಯೂಟರ್

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನನ್ನ ಅಂಗಡಿ ನೋಡಬೇಕಿತ್ತು. ಗಲ್ಲಿ ತುಂಬ ಸೈಕಲ್ಲು, ಸ್ಕೂಟರ್ರು, ಅಳುವವರು, ಹರಕೆ ಹೊತ್ತುಕೊಳ್ಳುವವರು. ಒಂದು ವರ್ಷ ಕಿಟಕಿ ಪಕ್ಕದ ಕಂಪ್ಯೂಟರಿನಲ್ಲಿ ನೋಡಿದವರೆಲ್ಲ ಸಾಲಾಗಿ ಪಾಸಾಗಿಬಿಟ್ಟರು. ನನ್ನ ಗ್ರಹಚಾರ. ಆ ಸುದ್ದಿ ಹಳ್ಳಿಹಳ್ಳಿಗೆ ಹಬ್ಬಿತು. ಅಸಲಿಗೆ ಅದು ಅಂಗಡಿಯಲ್ಲೇ ಹಳೆಯದು, ಯಾವಾಗ ನಿಂತುಬಿಡುತ್ತದೋ ಹೇಳೋಕಾಗದು. ಆದರೆ ಮುಂದಿನ ವರ್ಷ ಮಿಕ್ಕ ಕಂಪ್ಯೂಟರುಗಳು ಖಾಲಿ, ಕಿಟಕಿ ಪಕ್ಕದ್ದಕ್ಕೆ ರಸ್ತೆಯವರೆಗೂ ಸಾಲು.

ಒಬ್ಬ ಗೌಡರು ಮಗನ ನಂಬರ್ ಹಿಡಿದು ಬಂದರು. ಸಾಲು ನೋಡಿ ಬೇಸತ್ತು ನನ್ನ ಮೇಜಿನ ಕಂಪ್ಯೂಟರಿನಲ್ಲೇ ನೋಡು ಅಂದರು. ನೋಡಿದೆ. ಗಣಿತದಲ್ಲಿ ಹೋಗಿತ್ತು. ಗೌಡರು ನನ್ನನ್ನು ಕೆಕ್ಕರಿಸಿ ನೋಡಿ ಸಾಲಿನ ಕೊನೆಗೆ ಹೋಗಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಅವರ ಸರದಿ ಬಂತು. ಕಿಟಕಿ ಪಕ್ಕದ ಕಂಪ್ಯೂಟರಿಗೆ ಕೈಮುಗಿದರು, ನಂಬರ್ ಹೊಡೆಸಿದರು. ಗಣಿತ ಅಲ್ಲೂ ಹೋಗಿತ್ತು.

ನನಗೆ ಪಾಪ ಅನ್ನಿಸಿ ಹತ್ತಿರ ಹೋದೆ. ಅವರು ತಲೆ ಆಡಿಸುತ್ತಾ ಹೇಳಿದರು, "ತಪ್ಪು ನಂದೇ ಕಣವ್ವ. ಮೊದ್ಲು ಇದ್ರಲ್ಲಿ ನೋಡ್ಬೇಕಿತ್ತು. ನಿನ್ ಕಂಪ್ಯೂಟರ್ರು ಮುಂಚೇನೇ ಇದ್ಕೆ ಹೇಳ್ಕೊಟ್ಬುಡ್ತು."

ಹೆಣ್ಣು ನೋಡೋ ಶಾಸ್ತ್ರ

ಈಗ ನನ್ನದು. ಕನಕಪುರದ ಆಚೆ ಕೋಡಿಹಳ್ಳಿ ಕಡೆಯ ಒಂದು ಸಂಬಂಧ ಬಂತು. ಹುಡುಗ ರಾಜಸ್ಥಾನದ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ, ರಜ ಸಿಗುವ ಹಾಗಿರಲಿಲ್ಲ. ಸೈಬರಿನಲ್ಲಿ ವೆಬ್‌ಕ್ಯಾಮ್ ಹಾಕಿ ಹೆಣ್ಣು ನೋಡುವುದು ಅಂತ ಮಾತಾಯಿತು. ಅವ್ವ ದಲ್ಲಾಳಿಗೆ ಹೇಳಿದ್ದು ಮಾತ್ರ ಬೇರೆ: ಸೈಬರ್ ನನ್ನ ತಮ್ಮಂದು, ಹುಡುಗಿ ಮನೇಲೇ ಇರ್ತಾಳೆ, ಕಂಪ್ಯೂಟರ್ ಮುಟ್ಟಿದವಳೇ ಅಲ್ಲ. "ಈ ಸಂಬಂಧ ತಪ್ಪಿದ್ರೆ ನಾನು ಈ ಅಂಗಡಿ ಹೊಸಿಲು ತುಳಿಯಲ್ಲ, ನೀನೂ ತುಳಿಯೋ ಹಂಗಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ನನಗೆ ಎರಡೂ ಕಡೆ ನಷ್ಟ. ಗಂಡ ಸಿಕ್ಕಿದರೆ ಅಂಗಡಿ ಹೋಗುತ್ತದೆ, ಗಂಡ ಸಿಗದಿದ್ದರೂ ಅಂಗಡಿ ಹೋಗುತ್ತದೆ.

ಕಿಟಕಿ ಪಕ್ಕದ ಕಂಪ್ಯೂಟರೇ ಆಗಬೇಕು, ಅದೇ ಶುಭ ಅಂತ ಅವ್ವ ಹಟ ಹಿಡಿದಳು. ಬೇಡ ಅಂದರೂ ಕೇಳಲಿಲ್ಲ. ಹುಡುಗನ ಅಪ್ಪ ಅಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ಕೂತರು. ಸೋದರಮಾವ ಯಜಮಾನನ ಕುರ್ಚಿಯಲ್ಲಿ ಶಲ್ಯ ಹೊದ್ದು ಕೂತ. ನಾನು ರೇಷ್ಮೆ ಸೀರೆ ಉಟ್ಟು ಕಾಫಿ ತಂದೆ. ಎಲ್ಲರಿಗೂ ಕೊಟ್ಟಾದ ಮೇಲೆ ಹುಡುಗನ ಪಾಲಿನ ಲೋಟ ಉಳಿಯಿತು. ಏನು ಮಾಡೋದು ಅಂತ ತಿಳಿಯದೆ ಕೀಬೋರ್ಡ್ ಪಕ್ಕದಲ್ಲಿ ಇಟ್ಟು ಕೂತೆ.

ಹುಡುಗ ಪರದೆಯ ಮೇಲೆ ಬಂದ, ಕೈಮುಗಿದ, ಏನೋ ಹೇಳಲು ಬಾಯಿ ತೆರೆದ. ಅಷ್ಟೇ, ಚಿತ್ರ ನಿಂತುಹೋಯಿತು. ಬಾಯಿ ಅರ್ಧ ತೆರೆದೇ ಇತ್ತು.

ಸ್ವಲ್ಪ ಹೊತ್ತು ಎಲ್ಲರೂ ಗೌರವದಿಂದ ಕಾದರು. "ಅಲ್ಲಾಡ್ದೆ ಕೂತವ್ರೆ ನೋಡಿ. ಬಲು ತಾಳ್ಮೆಯೋರು" ಅಂದ ಸೋದರಮಾವ.

"ನಮ್ಮೋನು ಹಂಗೆಲ್ಲ ಒಂದ್ಕಡೆ ಕೂರೋನಲ್ಲ" ಅಂದರು ಹುಡುಗನ ತಾಯಿ ಅನುಮಾನದಿಂದ. "ಹುಡುಗಿ ನೋಡಿ ದಂಗಾಗವ್ನೆ ಬುಡು" ಅಂದರು ತಂದೆ. ಆಮೇಲೆ ತಾಯಿ ಮೆಲ್ಲಗೆ ಗಂಡನ ಕಿವಿಯಲ್ಲಿ, "ಹುಡುಗಿ ಒಸಿ ಜೋರು ಕಾಣ್ತಾಳೆ ಕಣ್ರೀ, ನಮ್ ಪೆದ್ದನ್ನ ಬುಗುರಿ ಆಡ್ಸಿಬುಡ್ತಾಳೆ" ಅಂದರು. ಮೆಲ್ಲಗೆ ಅಂದರೆ ಎಲ್ಲರಿಗೂ ಕೇಳುವಷ್ಟು.

ಅದೇ ಹೊತ್ತಿಗೆ ಬಾಗಿಲಲ್ಲಿ ಗೊಂಬೆ ಚಾಚಾ. "ಬೇಟಿ, ನಮ್ದು ಮೇಲ್ ಬಂತಾ?" ನಾನು ತಲೆ ಬಗ್ಗಿಸಿದೆ. ಅವ್ವ ಗಡಬಡಿಸಿ ತಮ್ಮನ ಕಡೆ ಕೈ ತೋರಿಸಿದಳು, "ಯಜಮಾನ್ರು ಅಲ್ಲವ್ರೆ, ಅವರ್ನ ಕೇಳಿ." ಸೋದರಮಾವ ಗಂಟಲು ಸರಿಮಾಡಿಕೊಂಡು, "ಮೇಲ್ ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತದೆ" ಅಂದ. ಚಾಚಾ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವರ್ಯಾರು?" ಅಂದರು. ಹುಡುಗನ ತಾಯಿಯ ಹುಬ್ಬು ಮೇಲೇರಿತು.

ಮಾನ ಉಳಿಸಿಕೊಳ್ಳಲು ಸೋದರಮಾವ ಎದ್ದ. ಮಾನಿಟರಿನ ತಲೆಗೆ ಒಂದು ಏಟು ಕೊಟ್ಟ. ಹುಡುಗನ ಬಾಯಿ ಮುಚ್ಚಲಿಲ್ಲ. ಬೆನ್ನಿಗೆ ಒಂದು ಕೊಟ್ಟ. ಆಮೇಲೆ ಮೌಸ್ ಎತ್ತಿಕೊಂಡು ಹೊಟ್ಟೆ ನೋಡಿ ಹೇಳಿದ, "ಅಕ್ಕಾ, ಒಂದು ನಿಂಬೆಹಣ್ಣು ಇದ್ರೆ ಕೊಡು."

ನನಗೆ ತಡೆಯಲಾಗಲಿಲ್ಲ. ಮದುವೆ ಹಾಳಾಗಿ ಹೋಗಲಿ, ಇನ್ನೊಂದು ಮೌಸ್ ಹಾಳಾಗಬಾರದು. ಎದ್ದು ಮೌಸ್ ಕಸಿದುಕೊಂಡೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಮೇಜಿನ ಕೆಳಗೆ ನುಗ್ಗಿ ವೈರುಗಳನ್ನೆಲ್ಲ ಕಿವಿ ಹಿಂಡಿದ ಹಾಗೆ ಹಿಂಡಿದೆ. ಯಾವ ವೈರಿನಿಂದ ಸರಿಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ತಲೆಯ ಮೇಲೆ ಹುಡುಗನ ದನಿ ಕೇಳಿಸಿತು.

"ಅವ್ವಾ, ನಿಮಗೆ ನಾನು ಕಾಣ್ತಿರಲಿಲ್ಲ ಅನ್ಸುತ್ತೆ. ನಂಗೆ ಆಗಿಂದ ನೀವೆಲ್ಲ ಕಾಣ್ತಾನೂ ಇದ್ರಿ, ಕೇಳ್ತಾನೂ ಇತ್ತು."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೋದರಮಾವ ಶಲ್ಯವನ್ನು ತಲೆಗೆ ಹೊದ್ದುಕೊಂಡ. ನಾನು ಸೀರೆಯ ಧೂಳು ಕೊಡವುತ್ತಾ ಎದ್ದೆ. ತಂದೆ ಕಷ್ಟಪಟ್ಟು ಶಾಸ್ತ್ರ ಮುಂದುವರಿಸಿದರು, "ಹುಡುಗೀನ ಏನಾದ್ರೂ ಕೇಳೋದಿದ್ರೆ ಕೇಳಪ್ಪ."

"ಅಂಗಡಿ ನಿಮ್ದೇ ಅಲ್ವಾ?" ಅಂದ. ಅವ್ವ ನನ್ನ ತೊಡೆ ಚಿವುಟಿದಳು. ನಾನು ಹೌದು ಅಂದೆ. "ಹಂಗಾದ್ರೆ ಒಂದು ಸಹಾಯ ಆಗ್ಬೇಕಿತ್ತು. ನಮ್ಮ ಆಫೀಸಿನ ಈ ಕಂಪ್ಯೂಟರ್ ಬೆಳಿಗ್ಗೆಯಿಂದ ತಿಣುಕ್ತಾ ಐತೆ. ಏನು ಮಾಡ್ಲಿ?"

ದಿನವಿಡೀ ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿ. "ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಅಂದೆ.

ಪರದೆ ಕಪ್ಪಾಯಿತು.

"ಎದ್ದೋದ್ನಲ್ಲೇ" ಅಂತ ಅವ್ವ ಗೋಳಾಡಿದಳು. "ಬಂದ ಗಂಡನ್ನೂ ಆಫ್ ಮಾಡ್ಬುಟ್ಟಲ್ಲೇ." ಆ ಕಾಲದ ಕಂಪ್ಯೂಟರ್ ಒಮ್ಮೆ ಆರಿದರೆ ಮತ್ತೆ ಹತ್ತೋದರೊಳಗೆ ಒಂದು ಒಲೆ ಅಡುಗೆ ಆಗುತ್ತಿತ್ತು. ನನಗೆ ಅದು ಗೊತ್ತು, ಅವರಿಗೆ ಹೇಳಿದರೆ ಯಾರು ನಂಬುತ್ತಾರೆ. ಹುಡುಗನ ತಂದೆ ಹೊರಗೆ ಹೋಗಿ ಚಪ್ಪಲಿ ಹುಡುಕಲು ಶುರು ಮಾಡಿದರು. ನಾನು ಆರಿದ ಪರದೆ ನೋಡುತ್ತಾ ಅಂಗಡಿಯ ಕಂಪ್ಯೂಟರುಗಳನ್ನು ಯಾರಿಗೆ ಮಾರಲಿ ಅಂತ ಯೋಚಿಸುತ್ತಿದ್ದೆ.

ಆಗ ಸ್ಪೀಕರ್ ಟ್ರಿಣ್ ಅಂದಿತು. ಹುಡುಗ ಮತ್ತೆ ಬಂದ, ಬೆವರು ಒರೆಸಿಕೊಳ್ಳುತ್ತಾ. "ಆಫ್ ಮಾಡಿ ಆನ್ ಮಾಡ್ದೆ ರೀ. ಈಗ ಚೆನ್ನಾಗೈತೆ. ಮುಂದಕ್ಕೆ ಏನ್ ಮಾಡ್ಲಿ ಹೇಳಿ."

ಅವನ ತಾಯಿ ಪರದೆ ನೋಡಿದರು, ನನ್ನನ್ನು ನೋಡಿದರು, ಲೋಟ ಕೆಳಗಿಟ್ಟರು. "ಊರಿಗೆ ಬಾ ಅಂತ ಹೇಳು ತಾಯಿ. ನಾನು ಕರ್ದು ಕರ್ದು ಸಾಕಾಗಿವ್ನಿ, ಒಂದಿನಾನೂ ನನ್ ಮಾತು ಕೇಳಿಲ್ಲ."

ನಾನು ಹೇಳಿದೆ. ಅವನು ಹೂಂ ಅಂದ.

ಅವ್ವನಿಗೆ ನಂಬಿಕೆ ಬರಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಾ, "ಹಂಗಾರೆ ಒಪ್ಗೆ ಆಯ್ತಾ? ನೀವು ಹೂಂ ಅಂದ್ರೆ ನಾಳೇನೇ ಅಂಗ್ಡಿ ಮುಚ್ಚಿಸ್ಬುಡ್ತೀವಿ" ಅಂದಳು.

"ಅಯ್ಯೋ ಮುಚ್ಚಿಸ್ಬ್ಯಾಡಿ" ಅಂತ ಬೀಗಿತ್ತಿ ಗಾಬರಿಯಿಂದ ಎದ್ದು ನಿಂತರು. "ಎದುರಿಗೆ ನಿಂತು ಹೇಳುದ್ರೆ ಅವ್ನು ಹುಟ್ಟುದಾಗಿಂದ ಕೇಳಿಲ್ಲ. ಇದ್ರೊಳಗಿಂದ ಹೇಳುದ್ರೇ ಕೇಳೋದು."