ಗುಳಿಗೆ ಬಿತ್ತಿದ ಅಣ್ಣ

ಈ ಭೂಮಿಯ ಮೇಲೆ ಗುಳಿಗೆ ನುಂಗಿದವರು ಲೆಕ್ಕವಿಲ್ಲದಷ್ಟು ಮಂದಿ ಇದ್ದಾರೆ. ಮಾರಿದವರಿದ್ದಾರೆ, ನುಂಗಿದಂತೆ ಮಾಡಿ ಕಿಟಕಿಯಿಂದ ಹೊರಗೆ ಉಗುಳಿದವರೂ ಇದ್ದಾರೆ. ಆದರೆ ಗುಳಿಗೆಯನ್ನು ಬಿತ್ತಿದವನು ಒಬ್ಬನೇ ಒಬ್ಬ. ಅವನು ನಮ್ಮಣ್ಣ! ಅದೂ ಹೊಲದಲ್ಲಲ್ಲ, ಬೈಲಹೊಂಗಲದ ಒಂದು ಆಸ್ಪತ್ರೆಯ ಔಷಧದ ಕೋಣೆಯಲ್ಲಿ, ಜೋಳ ಬಿತ್ತುವ ಕೂರಿಗೆಯಿಂದ!

ನೀವು ನಗುತ್ತೀರಿ. ನಗಿರಿ. ನಾನೂ ನಕ್ಕವಳೇ. ಬರೀ ನಕ್ಕು ಸುಮ್ಮನಿದ್ದಿದ್ದರೆ ಇವತ್ತು ಇದನ್ನು ಬರೆಯಲು ಕೂಡುತ್ತಿರಲಿಲ್ಲ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಪೆನ್ನನ್ನು ಲಟ್ಟಣಿಗೆ ಹಿಡಿದಂತೆ ಹಿಡಿಯುತ್ತೇನೆ. ಆದರೆ ಎದೆಯಲ್ಲಿ ಕೂತದ್ದು ಇಳಿಯಬೇಕಲ್ಲ! ಅದಕ್ಕೆ ಗುಳಿಗೆ ಎಲ್ಲಿ ಸಿಗುತ್ತದೆ?

ತೊಂಬತ್ತರ ದಶಕದ ಮಾತು. ಅಣ್ಣ ಆ ಆಸ್ಪತ್ರೆಯಲ್ಲಿ ಕಂಪೌಂಡರ್. ಔಷಧದ ಕೋಣೆಯ ಕೀಲಿಕೈ ಅವನ ಉಡಿದಾರದಲ್ಲೇ ಇರುತ್ತಿತ್ತು. ಒಂದು ದಿನ ಹೊಲದಲ್ಲಿ ಹಾವು ಕಡಿಸಿಕೊಂಡವನೊಬ್ಬನನ್ನು ಹೊತ್ತು ತಂದರು. ಅಣ್ಣ ಓಡಿಹೋಗಿ ಕಪಾಟು ತೆಗೆದ. ಹಾವಿನ ವಿಷದ ಇಂಜೆಕ್ಷನ್ ಇಡುವ ಡಬ್ಬಿ ಖಾಲಿ! ಕಡೆಯದನ್ನು ಯಾರೋ ಯಾವಾಗಲೋ ತೆಗೆದುಕೊಂಡು ಹೋಗಿದ್ದರು, ಮತ್ತೆ ತರಿಸಬೇಕೆಂದು ಯಾರಿಗೂ ಹೇಳಿರಲಿಲ್ಲ. ಪುಣ್ಯಕ್ಕೆ ಜೀಪು ಇತ್ತು, ಮುಂದಿನ ಆಸ್ಪತ್ರೆಗೆ ಒಯ್ದರು, ಮನುಷ್ಯ ಬದುಕಿದ. ಬದುಕಿ, ಎದ್ದು, ಮುಂದಿನ ವಾರವೇ ಸಂತೆಯಲ್ಲಿ ಬದನೆಕಾಯಿ ಮಾರುತ್ತಿದ್ದ. ಆದರೆ ನಮ್ಮಣ್ಣ ಏಳಲೇ ಇಲ್ಲ! ಗೋಡೆಗೆ ಒರಗಿ ಕೂತವನು ಒಂದೇ ಮಾತು:

"ಕಡೀದ್ದು ತಗೀವಾಗ ಕಪಾಟ ಯಾಕ ಒದರಲಿಲ್ಲ?"

ಅವ್ವ ಹೇಳಿದಳು, "ಕಪಾಟ ಹ್ಯಾಂಗ ಒದರತೈತೋ ನಮ್ಮಪ್ಪಾ? ಕಟ್ಟಿಗೀದು ಅದು."

"ಎತ್ತು ಒದರೂದಿಲ್ಲೇನು? ಕೊರಳಾಗ ಗಂಟಿ ಕಟ್ಟಿದ್ರ ಕತ್ತಲಾಗೂ ಎಲ್ಲಿ ಐತಿ ಅಂತ ತಿಳೀತೈತಿ!"

ಮುಗಿಯಿತು! ಅವತ್ತಿನಿಂದ ನಮ್ಮ ಮನೆಯಲ್ಲಿ ಸದ್ದಿಲ್ಲದೆ ಯಾವುದೂ ಖರ್ಚಾಗುವಂತಿರಲಿಲ್ಲ. ಆಸ್ಪತ್ರೆಗೆ ಮುಂಚೆ ಮನೆಯಲ್ಲೇ ಪ್ರಯೋಗವಲ್ಲವೇ? ಬೆಲ್ಲದ ಡಬ್ಬಿಗೆ ಆಡಿನ ಗೆಜ್ಜೆ. ಉಪ್ಪಿನ ಭರಣಿಗೆ ಸೈಕಲ್ ಗಂಟೆ. ಸಕ್ಕರೆಗೆ ಪೂಜೆಯ ಕಿರುಗಂಟೆ. ಅಣ್ಣ ಹೊರಗೆ ಕಟ್ಟೆಯ ಮೇಲೆ ಕೂತೇ ಕೂಗುತ್ತಿದ್ದ, "ಯವ್ವಾ, ಬೆಲ್ಲಕ್ಕ ಮೂರನೇ ಸಲ ಕೈ ಹಾಕಿದಿ!" ಅವ್ವನ ಬಾಯಲ್ಲಿ ಬೆಲ್ಲ, ಬೈಯಲು ಬಾಯಿ ಎಲ್ಲಿಂದ ಬರಬೇಕು?

ನಗುವಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆಗ ನನ್ನ ಲಗ್ನದ ಮಾತುಕತೆ ನಡೆದಿತ್ತು. ಕಿತ್ತೂರ ಕಡೆಯವರು ಹೆಣ್ಣು ನೋಡಲು ಬಂದರು. ಚಹಾಕ್ಕೆಂದು ಅವ್ವ ಒಳಗೆ ಸಕ್ಕರೆ ಡಬ್ಬಿ ತೆಗೆದಳು. ಕಿಣಿಕಿಣಿ ಎಂದಿತು. ವರನ ಸೋದರತ್ತೆ ಅದನ್ನು ಮಂಗಳಾರತಿ ಎಂದುಕೊಂಡು, ಸೆರಗು ತಲೆಯ ಮೇಲೆಳೆದು, ಎದ್ದು ನಿಂತು ಕೈ ಮುಗಿದಳು! ಅವಳನ್ನು ನೋಡಿ ಉಳಿದವರೂ ಎದ್ದರು. ವರನೂ ಎದ್ದ. ಎಲ್ಲರೂ ಕಣ್ಣು ಮುಚ್ಚಿ ನಿಂತಿರುವಾಗ ಅಣ್ಣ ಬಾಗಿಲಲ್ಲಿ ಬಂದು, "ಕುಂದರ್ರಿ, ಕುಂದರ್ರಿ, ಅದು ದೇವರಲ್ಲ, ಸಕ್ಕರಿ" ಎಂದ. ಆ ಸಂಬಂಧಕ್ಕೆ ಅಲ್ಲಿಗೇ ಮಂಗಳ ಹಾಡಿದಂತಾಯಿತು.

ಕೂರಿಗೆಯ ಕತೆ ಇದರ ಬೆನ್ನಿಗೇ ಬಂತು. ಕೂರಿಗೆ ನೋಡದವರಿಗೆ ಹೇಳುತ್ತೇನೆ: ಮೇಲೊಂದು ಕಟ್ಟಿಗೆಯ ಬಟ್ಟಲು, ಬಟ್ಟಲಿಗೆ ತೂತುಗಳು, ಒಂದೊಂದು ತೂತಿಗೆ ಒಂದೊಂದು ಬಿದಿರಿನ ಕೊಳವೆ. ಎತ್ತು ಮುಂದೆ ಎಳೆಯುತ್ತಿದ್ದರೆ ಹಿಂದಿನಿಂದ ಹೆಣ್ಣುಮಗಳೊಬ್ಬಳು ಬಟ್ಟಲಿಗೆ ಕಾಳು ಬಿಡುತ್ತ ನಡೆಯಬೇಕು. ಕಾಳು ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ನಮ್ಮ ಹೊಲದಲ್ಲಿ ಆ ಕೆಲಸ ನನ್ನದು. ಅಣ್ಣ ಎತ್ತು ಹೊಡೆಯುವುದು ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದ.

"ತಂಗೆವ್ವಾ, ಒಂದು ಕಾಳು ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ! ಈ ಕೈ ನಮ್ಮ ಆಸ್ಪತ್ರ್ಯಾಗ ಇದ್ದಿದ್ರ ನನಗ ಯಾವ ಯಂತ್ರನೂ ಬೇಕಾಗಿರಲಿಲ್ಲ ನೋಡು."

ಆಗ ಆಸ್ಪತ್ರೆಗಳಲ್ಲಿ ಗುಳಿಗೆಗಳು ದೊಡ್ಡ ಡಬ್ಬಿಗಳಲ್ಲಿ ಬಿಡಿಯಾಗಿ ಬರುತ್ತಿದ್ದವು. ಕಾಗದದ ಪುಡಿಕೆ ಕಟ್ಟಿ ಕೊಡಬೇಕು. ಅಣ್ಣ ಒಂದು ದಿನ ಅಟ್ಟದ ಮೇಲಿನ ಕೂರಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಆಸ್ಪತ್ರೆಗೆ ಹೋದ. ಮೂರು ಕೊಳವೆ, ಮೂರು ಹೊತ್ತು! ಮುಂಜಾನೆಯ ಗುಳಿಗೆ ಇಲ್ಲಿ, ಮಧ್ಯಾಹ್ನದ್ದು ಅಲ್ಲಿ, ರಾತ್ರಿಯದು ಆ ಕಡೆ. ಅಷ್ಟರಲ್ಲಿ ಜೋಳ ಬಿತ್ತಲು ಹದ ಬಂತು. ಅಪ್ಪ ಅಟ್ಟ ನೋಡಿದರೆ ಕೂರಿಗೆ ಇಲ್ಲ! ಮೊಣಕಾಲಿನವರೆಗೆ ಧೋತರ ಎತ್ತಿ ಕಟ್ಟಿ ನೇರ ಆಸ್ಪತ್ರೆಗೆ ನಡೆದರು.

"ಲೇ, ನನ್ನ ಕೂರಿಗಿ ಎಲ್ಲೈತೋ?"

"ಇಲ್ಲೇ ಐತಲ್ಲಪ್ಪಾ. ಬಿತ್ತಾಕ ಹತ್ತೇನಿ."

"ಏನ ಬಿತ್ತಾಕ ಹತ್ತೀದಿ?"

"ಗುಳಿಗಿ."

ಅಪ್ಪ ಸಾಲಾಗಿ ಕೂತ ರೋಗಿಗಳನ್ನು ನೋಡಿದರು, ಕೂರಿಗೆಯನ್ನು ನೋಡಿದರು, ಮಗನನ್ನು ನೋಡಿದರು. "ಹಂಗಾರ ಸುಗ್ಗೀಗೆ ಏನು, ಡಾಕ್ಟರ ಬೆಳೀತಾರೇನು?" ಎಂದರು. ಬಾಣಂತಿಯರ ಕೋಣೆಯವರೆಗೂ ನಗು ಹೋಯಿತಂತೆ! ಕೊನೆಗೆ ಅಪ್ಪನ ಕೂರಿಗೆ ಹೊಲಕ್ಕೆ ಬಂತು, ಅಣ್ಣ ಬಡಿಗನಿಂದ ಮೇಜಿನ ಮೇಲೆ ಕೂಡುವಂಥ ಒಂದು ಮರಿ ಕೂರಿಗೆ ಮಾಡಿಸಿಕೊಂಡ.

ಗುಳಿಗೆ ಬಿತ್ತಿದ್ದಾಯಿತು, ಎಷ್ಟು ಖರ್ಚಾಯಿತೆಂದು ತಿಳಿಯಬೇಡವೇ? ಅದಕ್ಕೂ ಉಪಾಯ ಮಾಡಿದ. ಒಂದು ಗುಳಿಗೆ ಕೆಳಗೆ ಬಿದ್ದರೆ ಒಂದು ಹುಣಸೆಬೀಜ ಗಾಜಿನ ಬಾಟಲಿಗೆ ಬೀಳಬೇಕು. ಬಾಟಲಿಗೆ ಬಳಿದ ಕೆಂಪು ಗೆರೆ ಮುಟ್ಟಿತೋ, ಹೊಸ ಡಬ್ಬಿ ತರಿಸಬೇಕು. ಇದಕ್ಕಿಂತ ಸರಳವಾದದ್ದು ಏನಿದೆ ಹೇಳಿ? ಆದರೆ ಗೆರೆ ಮುಟ್ಟುವ ಲಕ್ಷಣವೇ ಕಾಣಲಿಲ್ಲ. ರೋಗಿಗಳು ಬರುತ್ತಿದ್ದಾರೆ, ಗುಳಿಗೆ ಹೋಗುತ್ತಿವೆ, ಬೀಜ ಮಾತ್ರ ಏರುವುದಿಲ್ಲ! ಅಣ್ಣ ಎರಡು ದಿನ ಊಟ ಬಿಟ್ಟು ಬಾಟಲಿಯ ಮುಂದೆ ಕೂತ. ಮೂರನೆಯ ದಿನ ಆಸ್ಪತ್ರೆಯ ಹಿಂದಿನಿಂದ ಘಮಘಮ ವಾಸನೆ ಬಂತು. ಹೋಗಿ ನೋಡಿದರೆ, ಕಸ ಗುಡಿಸುವ ಬಾಳವ್ವ ಬೀಜಗಳನ್ನು ಹುರಿದುಕೊಂಡು ಕಟಕಟ ತಿನ್ನುತ್ತಿದ್ದಾಳೆ!

"ಬಾಳವ್ವಾ! ಅವು ಜ್ವರದ ಗುಳಿಗಿ ಲೆಕ್ಕ!"

"ಅಯ್ಯ, ಅದಕ್ಕರೀ ಮತ್ತ, ತಿಂದಾಗಿಂದ ಮೈ ತಂಪ ಅನ್ನಾಕ ಹತ್ತೈತಿ!"

ಆ ಮೇಲೆ ಅಣ್ಣ ಬೀಜದ ಬದಲು ಗೋಲಿ ಇಟ್ಟ. ಗೋಲಿಯನ್ನು ಯಾರೂ ಹುರಿಯಲಿಲ್ಲ, ದೇವರು ದೊಡ್ಡವನು.

ಮನೆಯ ಗೆಜ್ಜೆ, ಗಂಟೆಗಳೂ ಒಂದೊಂದಾಗಿ ಆಸ್ಪತ್ರೆಯ ಕಪಾಟಿನ ಡಬ್ಬಿಗಳಿಗೆ ಹೋದವು. ಇಷ್ಟೆಲ್ಲ ನೋಡಿದ ದೊಡ್ಡ ಡಾಕ್ಟರು ಒಂದು ದಿನ ಅಣ್ಣನನ್ನು ಕರೆದು ಹೇಳಿದರು: "ನೋಡಪಾ, ಕಿತ್ತೂರು, ಸವದತ್ತಿ, ರಾಮದುರ್ಗದಾಗ ನನ್ನ ಗೆಳೆಯಾರು ದವಾಖಾನಿ ಇಟ್ಟಾರ. ಸೋಮವಾರ ಅವರು ಬರ್ತಾರ. ನಿನ್ನ ಕಪಾಟ ಖರೇನ ಒದರಿದ್ರ ನಾಕೂ ಊರಾಗ ಕೂಡ್ಸೂಣು. ಒದರಲಿಲ್ಲಂದ್ರ ಈ ಗಂಟಿ, ಗೋಲಿ, ಕೂರಿಗಿ ಎಲ್ಲಾ ಗಂಟು ಕಟ್ಕೊಂಡು ಮನೀಗೆ ಒಯ್ಯಬೇಕು. ಒಪ್ಪಿಗೇನು?"

ಒಪ್ಪಿಗೆಯೇ! ಅಣ್ಣ ಕುಣಿಯುತ್ತ ಮನೆಗೆ ಬಂದ. ನಾಲ್ಕೂ ಊರಲ್ಲಿ ಇನ್ನು ಯಾವ ಡಬ್ಬಿಯೂ ಸುಮ್ಮನೆ ಖಾಲಿಯಾಗುವುದಿಲ್ಲ ಎಂದು ಅವ್ವನ ಎರಡೂ ಕೈ ಹಿಡಿದು ತಿರುಗಿಸಿದ. ಹಾವಿನ ಇಂಜೆಕ್ಷನ್ನಿನ ಡಬ್ಬಿಗೆ ನಮ್ಮ ಹಿರಿಯ ಎತ್ತಿನ ಕೊರಳಿನ ದೊಡ್ಡ ಗಂಟೆಯನ್ನೇ ಬಿಚ್ಚಿಕೊಂಡು ಹೋಗಿ ಕಟ್ಟಿದ. ಅದರ ಸದ್ದು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು.

ಅದೇ ಸೋಮವಾರ ನನ್ನ ಪಾಲಿಗೂ ಬಂತು. ಸವದತ್ತಿ ಕಡೆಯ ಹೊಸ ಸಂಬಂಧವೊಂದು ಮಾತಿನಲ್ಲಿತ್ತು. ವರನ ತಂದೆ ಮೊಣಕಾಲು ನೋವಿನ ನೆವ ಮಾಡಿ ಆ ಆಸ್ಪತ್ರೆಗೇ ಬರುತ್ತಾರಂತೆ, ಅಣ್ಣನ ತಲೆ ನೆಟ್ಟಗಿದೆಯೋ ಇಲ್ಲವೋ ನೋಡಲಿಕ್ಕೆ, ಎಂದು ಯಾರೋ ಬಂದು ನನ್ನ ಕಿವಿಯಲ್ಲಿ ಹೇಳಿ ಹೋದರು. ನನಗೆ ಕಿತ್ತೂರಿನ ಅತ್ತೆ ಕೈ ಮುಗಿದು ನಿಂತದ್ದು ಕಣ್ಣ ಮುಂದೆ ಬಂತು. ಆಡಿನ ಗೆಜ್ಜೆ, ಸೈಕಲ್ ಗಂಟೆ ಹೇಗೋ ನಡೆದೀತು. ಆ ಎತ್ತಿನ ಗಂಟೆ ಢಣ್ ಢಣ್ ಎಂದರೆ ಇದೂ ಮುರಿದಂತೆಯೇ!

ಅವತ್ತು ಮುಂಜಾನೆ ನಾನು ದೇವರ ದೀಪಕ್ಕೆ ಹೂಬತ್ತಿ ಹೊಸೆಯುತ್ತಿದ್ದೆ. ಅರಳೆಯನ್ನು ಕೆಳಗೆ ಹೂವಿನಂತೆ ದುಂಡಗೆ ಮಾಡಿ, ಮೇಲೆ ಸಣ್ಣ ಕುಡಿ ಎಳೆದು. ಒಂದು ಹಿಡಿ ಹೂಬತ್ತಿಯನ್ನು ಹಾಗೆಯೇ ಸೆರಗಿಗೆ ಕಟ್ಟಿಕೊಂಡು ಅಣ್ಣನ ಬುತ್ತಿ ಒಯ್ದೆ. ವರನ ತಂದೆ ಔಷಧದ ಕೋಣೆಯ ಹೊರಗೆ ಬಾಕಿನ ಮೇಲೆ, ಅಂದರೆ ಬೆಂಚಿನ ಮೇಲೆ, ಕೂತಾಗಿತ್ತು. ಅಣ್ಣ ಡಾಕ್ಟರರನ್ನು ಕರೆಯಲು ಮೇಲೆ ಹೋಗಿದ್ದ. ಕೋಣೆಯಲ್ಲಿ ಯಾರೂ ಇಲ್ಲ. ನಾನು ಹೂಬತ್ತಿಗಳನ್ನು ಆ ದೊಡ್ಡ ಗಂಟೆಯೊಳಗೆ ನಾಲಿಗೆಯ ಸುತ್ತ ಬಿಗಿಯಾಗಿ ತುರುಕಿದೆ. ಅಣ್ಣ ಹೊಗಳಿದ ಅದೇ ಬೆರಳುಗಳಿಂದ!

ಡಾಕ್ಟರರು ಬಂದರು. ನಾನು ಬಾಗಿಲ ಮರೆಗೆ ನಿಂತೆ. ಅಣ್ಣನ ಉತ್ಸಾಹ ಹೇಳಬಾರದು! "ಸಾಹೇಬ್ರ, ನಾ ಗ್ವಾಡೀಗೆ ಮಾರಿ ಮಾಡಿ ನಿಂದರತೇನಿ. ನೀವು ಏನರ ತಗೀರಿ, ಏನಂತ ನಾ ಹೇಳತೇನಿ" ಎಂದು ಗೋಡೆಯ ಕಡೆ ತಿರುಗಿದ.

ಗೆಜ್ಜೆ ನುಡಿಯಿತು. "ಜ್ವರದ ಗುಳಿಗಿ!" ಕಿತ್ತೂರಿನವರು ಹುಬ್ಬೇರಿಸಿದರು. ಸೈಕಲ್ ಗಂಟೆ. "ಸಕ್ಕರಿ ಬ್ಯಾನೀದು!" ರಾಮದುರ್ಗದವರು ಚಪ್ಪಾಳೆ ತಟ್ಟಿದರು. ಕಿರುಗಂಟೆ. "ಹೊಟ್ಟಿನೋವಿಂದು! ಎರಡು ತಗದ್ರಿ, ಒಂದ ಹಿಂದಕ್ಕಿಟ್ರಿ!" ಎಲ್ಲರೂ ಭೇಷ್ ಎಂದರು. ನನಗೂ, ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು! ಒಳಗೆ ಓಡಿಹೋಗಿ ಹತ್ತಿ ಕಿತ್ತುಬಿಡಲೇ ಎನ್ನಿಸಿತು. ಆದರೆ ಬಾಕಿನ ಮೇಲೆ ಕೂತವರನ್ನು ನೋಡಿ ಬಾಗಿಲ ಮರೆಯಲ್ಲೇ ನಿಂತೆ.

ಸವದತ್ತಿಯ ಡಾಕ್ಟರು ನಗುತ್ತ ಹಾವಿನ ಇಂಜೆಕ್ಷನ್ನಿನ ಡಬ್ಬಿಗೆ ಕೈ ಹಾಕಿದರು.

ಸದ್ದಿಲ್ಲ.

ಅಣ್ಣ ಗೋಡೆಗೆ ಮುಖ ಮಾಡಿ, ಕಿವಿ ನಿಮಿರಿಸಿ, ನಗುತ್ತ ನಿಂತಿದ್ದಾನೆ. "ಹೂಂ, ತಗೀರಿ ಸಾಹೇಬ್ರ, ಯಾಕ ತಡಾ ಮಾಡಾಕತ್ತೀರಿ?"

"ತಗದು ಕಿಸೇದಾಗ ಇಟ್ಕೊಂಡೂ ಆತಲ್ಲೋ ಮಾರಾಯಾ! ನಿನ್ನ ಎತ್ತು ಮಲಗೇತೇನು?"

ಕೋಣೆ ತುಂಬ ನಗು. ಅಣ್ಣ ತಿರುಗಿದ. ಗಂಟೆಯೊಳಗೆ ಬೆರಳು ಹಾಕಿದ. ಆಮೇಲೆ ಮುಷ್ಟಿ ಮುಚ್ಚಿ ಕೈಯನ್ನು ಕಿಸೆಗೆ ಇಳಿಸಿ, "ನಂದ ತಪ್ಪಾತ್ರಿ. ಕಟ್ಟೂದು ಸರಿ ಆಗಿಲ್ಲ" ಎಂದ.

ಹತ್ತಿ ಸಿಕ್ಕಿತೆಂದು ನನಗೆ ಅಂಜಿಕೆಯಾಯಿತು. ಆದರೆ ಮನೆಗೆ ಬಂದವನು ಏನೂ ಕೇಳಲಿಲ್ಲ. ಸಿಕ್ಕಿದ್ದರೆ ಬಯ್ಯದೆ ಬಿಡುತ್ತಿದ್ದನೇ? ಸಿಕ್ಕಿಲ್ಲ, ಎಲ್ಲೋ ಬಿದ್ದು ಹೋಗಿದೆ, ಹೀಗೆಂದು ನಾನು ನನಗೇ ಹೇಳಿಕೊಂಡೆ. ಹೇಳಿಕೊಂಡದ್ದನ್ನು ನಂಬಿದೆ. ಅಣ್ಣ ಗಂಟೆಗಳನ್ನೂ ಗೋಲಿಗಳನ್ನೂ ಮರಿ ಕೂರಿಗೆಯನ್ನೂ ಗೋಣಿಚೀಲದಲ್ಲಿ ಹೊತ್ತು ತಂದು ಅಟ್ಟಕ್ಕೇರಿಸಿದ. ಎತ್ತಿನ ಗಂಟೆ ಮರಳಿ ಎತ್ತಿನ ಕೊರಳಿಗೇ ಹೋಯಿತು.

ಲಗ್ನ ಕೂಡಿತು. ನಿಶ್ಚಯದ ದಿನ ನಮ್ಮ ಮಾವನವರು ಎಲೆ ಅಡಿಕೆ ಹಾಕಿಕೊಳ್ಳುತ್ತ ಏನೆಂದರು ಗೊತ್ತೇ? "ಗುಳಿಗಿ ಕೂರಿಗಿ ನೋಡಬೇಕಂತ ಆಸೇಲೇ ಅವತ್ತ ಬಂದಿದ್ದೆ ನಾ! ಇಂಥಾ ಶಾಣ್ಯಾನ ತಂಗೀನ ಬಿಡಬಾರದು ಅಂತ ಅಲ್ಲೇ ಬಾಕಿನ ಮ್ಯಾಲ ಕುಂತ ನಿಕ್ಕಿ ಮಾಡ್ದೆ. ಆ ದೊಡ್ಡ ಗಂಟಿ ಒಂದು ಕೇಳಾಕ ಸಿಗಲಿಲ್ಲ ನೋಡ್ರಿ!" ನನ್ನ ಬಾಯಲ್ಲಿ ಪೇಢಾ ಇತ್ತು. ಇನ್ನೂ ಅಲ್ಲೇ ಇದೆ ಎನ್ನಿಸುತ್ತದೆ, ಒಳಗೆ ಹೋಗಲೇ ಇಲ್ಲ. ಮಳೆಗಾಲದಲ್ಲಿ ಯಾರಿಗಾದರೂ ಹಾವು ಕಡಿಯಿತೆಂದು ಕೇಳಿದರೆ ಸಾಕು, ಇವತ್ತಿಗೂ ನನ್ನ ಬೆರಳು ತಣ್ಣಗಾಗುತ್ತವೆ.

ವರ್ಷಗಳು ಹೋದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಪಿತ್ತಕೋಶದ ಆಪರೇಶನ್ ಎಂದು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಣ್ಣ ತಲೆ ಹಣ್ಣಾದವನು, ಚೀಲ ಹಿಡಿದು ಬಂದು ಹಾಸಿಗೆಯ ಪಕ್ಕದಲ್ಲಿ ಕೂತ. ವಾರ್ಡಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಹೊಸ ಯಂತ್ರವೊಂದಿತ್ತು. ಸಿಸ್ಟರು ಬಂದು ರೋಗಿಯ ಹೆಸರು ಒತ್ತಿದಳು. ಯಾರೂ ಮುಟ್ಟದೆ ಒಂದು ಡ್ರಾಯರ್ ತಾನೇ ಹೊರಗೆ ಬಂತು, ದೀಪ ಹೊತ್ತಿತು, ಟಿಂಗ್ ಎಂದಿತು!

ಅಣ್ಣ ಕುರ್ಚಿಯಿಂದ ಹಾರಿ ಎದ್ದ. "ಒದರಿತು! ತಂಗೆವ್ವಾ, ಕಪಾಟ ಒದರಿತು!"

ಸಿಸ್ಟರು ನಗುತ್ತ ಹೇಳಿದಳು, "ಹೌದ್ರಿ ಕಾಕಾರ. ಎಷ್ಟು ತಗದ್ರು, ಎಷ್ಟು ಉಳದಾವು, ಎಲ್ಲಾ ಇದರಾಗ ಬರತೈತಿ. ಕಡಿಮಿ ಆದ್ರ ಕೆಳಗ ಸ್ಟೋರಿಗೆ ತಾನ ಹೇಳತೈತಿ."

"ಗೋಲಿ ಇಲ್ಲದ?"

"ಎಂಥಾ ಗೋಲಿರಿ?"

ಅಣ್ಣ ಯಂತ್ರದ ಸುತ್ತ ಪ್ರದಕ್ಷಿಣೆ ಹಾಕಿದ. ಬೆನ್ನು ಸವರಿದ. ಮೂರು ನಾಲ್ಕು ಸಲ ಟಿಂಗ್ ಕೇಳಿಸಿಕೊಂಡು ಮುಖ ಸಣ್ಣದು ಮಾಡಿದ. "ಎಲ್ಲಾ ಚೊಲೋ ಐತಿ. ಆದ್ರ ಜ್ವರಕ್ಕೂ ಟಿಂಗ್, ಸಕ್ಕರೀಗೂ ಟಿಂಗ್! ಒಂದ ರಾಗ. ನಮ್ಮದರಾಗ ಹಂಗಿರಲಿಲ್ಲ." ಆಮೇಲೆ ಸಿಸ್ಟರ ಹತ್ತಿರ ಬಾಗಿ, ಮೆಲ್ಲಗೆ ಕೇಳಿದ: "ಅಲ್ಲವಾ, ಇದರಾಗ ಹೂಬತ್ತಿ ತುರಿಕಿದ್ರೂ ಒದರತೈತೇನು?"

ಸಿಸ್ಟರಿಗೆ ಅರ್ಥವಾಗಲಿಲ್ಲ, ನಕ್ಕು ಮುಂದಿನ ಹಾಸಿಗೆಗೆ ಹೋದಳು. ನಾನು ಹೊಲಿಗೆ ಹಾಕಿದ ಹೊಟ್ಟೆಯನ್ನು ಹಿಡಿದುಕೊಂಡು ಅರ್ಧ ಎದ್ದು ಕೂತೆ.

"ಅಣ್ಣಾ... ನಿನಗ ಗೊತ್ತಿತ್ತಾ?"

"ದವಾಖಾನ್ಯಾಗ ಹೂಬತ್ತಿ ಯಾರ ಹೊಸೀತಾರವಾ? ಅದೂ ಅಷ್ಟು ಸಣ್ಣ ಕುಡಿ ಎಳದು? ಊರಾಗ ಆ ಕೈ ಒಂದ ಐತಿ."

"ಅವರ ಮುಂದ ಯಾಕ ಹೇಳಲಿಲ್ಲ? ಹತ್ತಿ ತಗದು ಬಾರಿಸಿ ತೋರಿಸಬೇಕಿತ್ತಲ್ಲ!"

"ಹ್ಯಾಂಗ ತೋರಿಸಲಿ? ಯಾರ ಹಾಕಿದ್ರು ಅಂತ ಕೇಳತಿದ್ರು. ಹೊರಗ ಬಾಕಿನ ಮ್ಯಾಲ ನಿಮ್ಮ ಮಾವ ಕುಂತಿದ್ರು."

ನಾನು ಮುಖಕ್ಕೆ ಸೆರಗು ಹಚ್ಚಿಕೊಂಡೆ. ತಪ್ಪಾಯಿತು ಎನ್ನಬೇಕೆಂದರೆ ಗಂಟಲಲ್ಲಿ ಅದೇ ಹಳೆಯ ಪೇಢಾ. ಕಡೆಗೆ ಏನೋ ಕೇಳಬೇಕೆಂದು ಕೇಳಿದೆ, "ಆ ಬತ್ತಿ ಏನ ಮಾಡಿದಿ? ಒಗದ್ಯಾ?"

"ಹೂಬತ್ತಿ ಒಗೀತಾರೇನ ಹುಚ್ಚೀ? ಅವತ್ತ ಸಂಜೀಕ ಮನಿ ದೇವರ ಮುಂದ ಹಚ್ಚಿಟ್ಟೆ. ನಿನ್ನ ಲಗ್ನ ಗಟ್ಟಿ ಆಗಲಿ ಅಂತ."

ಅಷ್ಟರಲ್ಲಿ ಸಿಸ್ಟರು ಮತ್ತೆ ಯಂತ್ರದ ಹತ್ತಿರ ಹೋದಳು. ಅಣ್ಣ ಥಟ್ಟನೆ ಎದ್ದು, ಕಣ್ಣು ಒರೆಸಿಕೊಂಡು, ಗೋಡೆಗೆ ಮುಖ ಮಾಡಿ ನಿಂತ.

ಟಿಂಗ್.

"ಇದು ನಮ್ಮ ತಂಗೀದು!" ಎಂದು ಕೂಗಿದ.

ನನ್ನದೇ ಆಗಿತ್ತು.