ಯಾರೂ ‘ಎಲ್ಲಿಗೆ’ ಎನ್ನದ ದಾರಿ

“ಈ ಸಲ ಹೊಳೀ ದಂಡಿಗುಂಟ ಕರಕೊಂಡು ಹೋಗ್ತೀನಿ ನೋಡು. ಒಂದು ನರಪಿಳ್ಳಿ ಸುದ್ದೆ ನಿನ್ನ ‘ಎಲ್ಲಿಗಿ’ ಅಂತ ಕೇಳಿದ್ರ, ನಾ ಅಂದಪ್ಪನಾ ಅಲ್ಲ!”

ಆನೆಗೊಂದಿಯ ಕಿರಾಣಿ ಅಂಗಡಿಯ ಅಂದಪ್ಪ ರುಮಾಲು ಬಿಗಿದುಕೊಳ್ಳುತ್ತ ಈ ಘನಘೋರ ಪ್ರತಿಜ್ಞೆ ಮಾಡಿದಾಗ, ಅವನ ಹೆಂಡತಿ ಶಿವಬಸಮ್ಮ ಪಡಸಾಲೆಯಲ್ಲಿ ಕೂತು ಆ ಬೆಳಗಿನ ಎರಡನೆಯ ತಂಬಿಗೆ ನೀರು ಕುಡಿಯುತ್ತಿದ್ದಳು. ಬಾಯಾರಿಕೆಗಲ್ಲ, ಶಾಸ್ತ್ರಕ್ಕೆ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ಬಲ್ಲವರು “ದೂರ ಹೊಂಟ್ರೇನ್ರಿ?” ಎಂದು ಸುತ್ತಿ ಬಳಸಿ ಕೇಳಿ ಸುಮ್ಮನಾಗುತ್ತಾರೆ. ಅರಿಯದವರು ಕೇಳಿಯೇ ಬಿಟ್ಟರೆ, ಹೊರಟವರು ಮನೆಗೆ ಮರಳಿ, ತುಸು ಹೊತ್ತು ಕೂತು, ನೀರು ಕುಡಿದು ಹೊಸದಾಗಿ ಹೊರಡಬೇಕು. ಬೇರೆ ದಿನವಾಗಿದ್ದರೆ ಶಿವಬಸಮ್ಮ ಇಷ್ಟು ಬಿಗಿ ಹಿಡಿಯುತ್ತಿರಲಿಲ್ಲವೇನೋ. ಅಂದು ಸಾಣಾಪುರಕ್ಕೆ ಕೊಟ್ಟ ಮಗಳು ಶೇಖರಮ್ಮನ ಕುಬಸ. ಚೊಚ್ಚಲ ಬಸುರಿಗೆ ತವರಿನ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ ಆರತಿ ಎತ್ತುವ ದಿನ. ದೀಪ ಹಚ್ಚುವುದರೊಳಗೆ ಅದು ಆಗಿಬಿಡಬೇಕು.

“ಅವ್ವಾ, ತಡಾ ಮಾಡಬ್ಯಾಡ. ತವರವರು ಬರಲಿಲ್ಲಂದ್ರ ಈ ಮನ್ಯಾಗ ನಾ ತಲಿ ಎತ್ತಿ ತಿರಗ್ಯಾಡಂಗಿಲ್ಲ” ಎಂದು ಮಗಳು ಹೇಳಿಕಳಿಸಿದ್ದಳು. ಆ ಮಾತು ಶಿವಬಸಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಬೆಳಿಗ್ಗೆ ಮೊದಲು ಕೇಳಿದವನು ಗಾಡಿಯ ಉಮರಸಾಬ. “ಎಲ್ಲಿಗ್ರಿ ಬಾಡಿಗಿ?” ಅಂದ. ಪಾಪ, ಅವನ ಹೊಟ್ಟೆಪಾಡೇ ಆ ಪ್ರಶ್ನೆ. ಇಬ್ಬರೂ ಮರಳಿ ಬಂದು ನೀರು ಕುಡಿದರು. ಗಾಡಿಯ ಸಹವಾಸವೇ ಬೇಡವೆಂದು ನಡೆದು ಹೊರಟರೆ, ಊರ ಹೊರಗೆ ಕುದುರೆಯ ಮೇಲೆ ಎದುರಾದರು ನಿಜಾಮ ಸರಕಾರದ ಅಮೀನಸಾಹೇಬರು. ಮೀಸೆ ತಿರುವುತ್ತ, “ಕಿಧರ್ ಜಾತೇ?” ಎಂದರು.

“ಅವರು ಉರ್ದುದಾಗ ಕೇಳ್ಯಾರ. ಅದು ನಮಗ ತಟ್ಟೂದಿಲ್ಲ” ಎಂದು ಅಂದಪ್ಪ ಹೆಂಡತಿಯ ಕಿವಿಯಲ್ಲಿ ವಾದ ಹೂಡಿದ.

“ಮಾತು ಯಾವುದಾದ್ರೇನ್ರಿ, ಕೇಳಿದ್ದು ಅದನ್ನಾ ಅಲ್ಲೇನು?” ಎಂದ ಶಿವಬಸಮ್ಮ ಆಗಲೇ ಮನೆಯತ್ತ ತಿರುಗಿಯಾಗಿತ್ತು. ಉತ್ತರ ಕೊಡದೆ ಮರಳಿ ನಡೆದ ಆ ದಂಪತಿಯನ್ನು ಅಮೀನಸಾಹೇಬರು ಬಹಳ ಹೊತ್ತು ಅನುಮಾನದಿಂದ ನೋಡುತ್ತ ನಿಂತಿದ್ದರಂತೆ.

ಹೀಗಾಗಿ ಹೊಳೆದಂಡೆ. ಆನೆಗೊಂದಿಯಿಂದ ಸಾಣಾಪುರದವರೆಗೆ ತುಂಗಭದ್ರೆಯ ಬಂಡೆಗಳ ನಡುವೆ ಒಂದು ಕಾಲುದಾರಿ ಇದೆಯೆಂದು ಅಂದಪ್ಪ ಯಾರಿಂದಲೋ ಕೇಳಿದ್ದ. ಕೇಳಿದ್ದನ್ನೇ ಕಂಡಿದ್ದೇನೆ ಎಂದು ಹೇಳುವುದು ಅವನ ವಾಡಿಕೆ.

“ದಾರಿ ನನಗ ಅಂಗೈ ಇದ್ದಂಗ ಐತಿ” ಎಂದ ಅವನು, ಹೋಳಿಗೆ, ಕರ್ಚಿಕಾಯಿ ತುಂಬಿದ ಬುತ್ತಿಯ ಬುಟ್ಟಿಯನ್ನು ತಲೆಗೇರಿಸಿ. “ಹೊಳಿ ಎಡಗೈಗೆ ಇದ್ರಾತು. ಅದೇನು ಎದ್ದು ಓಡಿಹೋಗ್ತೈತೇನು? ಯಾರರ ಎದುರಿಗೆ ಕಂಡ್ರ ಕಲ್ಲಿನ ಹಿಂದ ಅಡಗೂದು. ನೀ ಮಾತ್ರ ಪಿಟ್ಟಂತ ಅನಬ್ಯಾಡ. ಮಾತು ನನಗ ಬಿಡು.”

ಶಿವಬಸಮ್ಮ ಸೀರೆಯ ಗಂಟನ್ನು ಎದೆಗೊತ್ತಿಕೊಂಡು ಹಿಂಬಾಲಿಸಿದಳು.

ಆ ದಾರಿಯೋ, ದಾರಿಯೆಂದು ಕರೆದರೆ ನಿಜವಾದ ದಾರಿಗಳು ಸಿಟ್ಟಾಗಬೇಕು. ಒಂದು ಕಡೆ ಬಂಡೆ ಏರಬೇಕು, ಇನ್ನೊಂದು ಕಡೆ ಕುಂಡೆ ಊರಿ ಜಾರಬೇಕು, ಮತ್ತೊಂದು ಕಡೆ ಎರಡು ಬಂಡೆಗಳ ಸಂದಿಯಲ್ಲಿ ಹೊಟ್ಟೆ ಒಳಗೆ ಎಳೆದುಕೊಂಡು ನುಸುಳಬೇಕು. ಅಂದಪ್ಪನ ಹೊಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳೆದದ್ದು. ಅದು ಒಳಗೆ ಹೋಗಲು ಒಪ್ಪಲಿಲ್ಲ. ಶಿವಬಸಮ್ಮ ಹಿಂದಿನಿಂದ ದಬ್ಬಿ ದಾಟಿಸಿದಳು.

ಸ್ವಲ್ಪ ಮುಂದೆ, ಮಡುವಿನ ದಂಡೆಯಲ್ಲಿ ಕೆಂಪು ರುಮಾಲಿನವನೊಬ್ಬ ಗಾಳ ಹಾಕಿ ಕೂತಿದ್ದ.

“ಅಡಗು!” ಎಂದ ಅಂದಪ್ಪ.

ಇಬ್ಬರೂ ಬಂಡೆಯ ಈ ಮಗ್ಗುಲಿಗೆ ಹೊಕ್ಕರು. ಅವನು ಕತ್ತು ಹೊರಳಿಸಿದಂತೆಲ್ಲ ಇವರು ಸರಿದರು, ಸರಿದು ಸರಿದು ಕೊನೆಗೆ ಆ ಮಗ್ಗುಲಿನಿಂದ ಹೊರಬಂದರು. ಬಂದು ಸ್ವಲ್ಪ ದೂರ ನಡೆದ ಮೇಲೆ ಶಿವಬಸಮ್ಮ ನಿಂತಳು.

“ಹೊಳಿ ಬಲಗೈಗೆ ಬಂತಲ್ರಿ?”

“ಹೊಳಿ ತಿರುಗೇತಿ.”

“ಹೊಳಿ ತಿರುಗೇತೋ, ನಾವು ತಿರುಗೀವೋ?”

“ಹೊಳಿ ಅಂದಮ್ಯಾಲೆ ತಿರುಗಬೇಕು. ನಿನಗ ಮಾತಾಡಬ್ಯಾಡಂದಿಲ್ಲೇನು?”

ಆದರೆ ಅಂದಪ್ಪನಿಗೂ ಒಳಗೊಳಗೇ ತಲೆ ಗಿರ್ರೆನ್ನುತ್ತಿತ್ತು. ಅಲ್ಲಿ ಹೊಳೆ ಮರ್ಯಾದೆಯಿಂದ ಒಂದೇ ಕಡೆ ಹರಿಯುವುದಿಲ್ಲ. ಬಂಡೆಗೊಂದು ಸೀಳಾಗಿ ಹರಿದು ಎಡಕ್ಕೂ ಬಲಕ್ಕೂ ಮೊರೆಯುತ್ತದೆ. ಎಡಗಿವಿಗೆ ಕೇಳಿದ್ದು ಹೊಳೆಯೋ, ಬಲಗಿವಿಗೆ ಕೇಳಿದ್ದು ಹೊಳೆಯೋ, ಅಥವಾ ತನ್ನ ಹೊಟ್ಟೆಯೇ ಹಾಗೆ ಮೊರೆಯುತ್ತಿದೆಯೋ ಅವನಿಗೆ ತಿಳಿಯದಾಯಿತು. ಹೊಟ್ಟೆ ಚುರುಗುಟ್ಟುತ್ತಿದ್ದುದಂತೂ ನಿಜ. ತಲೆಯ ಮೇಲೆ ತುಪ್ಪದ ಹೋಳಿಗೆ ಘಮಘಮಿಸುತ್ತಿದ್ದವು. ಮಗಳ ಉಡಿ ತುಂಬುವ ಮೊದಲು ಮುಟ್ಟುವಂತಿಲ್ಲ.

ಮತ್ತೊಂದು ಮಡುವು. ಅಲ್ಲೂ ಒಬ್ಬ ಗಾಳ ಹಾಕಿ ಕೂತಿದ್ದ. ಅಡಗಿದರು. ಬಂಡೆ ಸುತ್ತಿದರು. ನಡೆದರು. ಹೊತ್ತು ನೆತ್ತಿ ದಾಟಿದ ಮೇಲೆ ಮೂರನೆಯವನು ಕಂಡ.

“ಇವತ್ತು ಹೊಳ್ಯಾಗ ಮೀನಿಗಿಂತ ಮೀನ ಹಿಡಿಯಾವ್ರಾ ಭಾಳ ಆಗ್ಯಾರ” ಎಂದು ಅಂದಪ್ಪ ಗೊಣಗಿದ.

“ಮೂರೂ ಮಂದಿಗೆ ಅದಾ ಕೆಂಪು ರುಮಾಲೇನ್ರಿ? ಅದಾ ಹರಕ ಅಂಗಿ?”

ಅಂದಪ್ಪ ಇಣುಕಿ ನೋಡಿದ. ಅವನೇ! ಬೆಳಿಗ್ಗೆಯಿಂದ ನಡೆದದ್ದೆಲ್ಲ ಗಾಣದೆತ್ತಿನ ನಡಿಗೆಯಾಯಿತೇ?

ಶಿವಬಸಮ್ಮ ಪಡುವಣಕ್ಕೆ ವಾಲುತ್ತಿದ್ದ ಹೊತ್ತನ್ನು ನೋಡಿದಳು. ಮಣೆಯ ಮೇಲೆ ಕೂರದೆ ಬಾಗಿಲು ಕಾಯುತ್ತಿರುವ ಮಗಳು ಕಣ್ಣಿಗೆ ಕಟ್ಟಿದಳು. ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟು ಬಂತು. ಗಂಡ ಸೆರಗು ಹಿಡಿದು ಎಳೆದರೂ ಕೊಸರಿಕೊಂಡು ನೇರ ಆ ಮನುಷ್ಯನ ಮುಂದೆ ಹೋಗಿ ನಿಂತಳು.

ಅವನು ಗಾಳ ಬಿಸಾಡಿ ಎದ್ದು ಕೈಮುಗಿದ. “ಎರಡಾ ಮೀನು ಹಿಡದೀನ್ರಿ ಸರಕಾರ... ತಾವು ಎಲ್ಲಿ...”

“ಸಾಣಾಪುರಕ್ಕ ಹೊಂಟೀವಿ ಅಣ್ಣಾ, ಮಗಳ ಕುಬಸ ಐತಿ. ದಾರಿ ಯಾವ ಕಡೆ ಐತಿ?” ಎಂದು ಶಿವಬಸಮ್ಮ ಅವನ ಬಾಯಿಂದ ಪ್ರಶ್ನೆ ಪೂರ್ತಿ ಹೊರಬೀಳುವ ಮೊದಲೇ ಹೇಳಿಬಿಟ್ಟಳು.

ಬಂಡೆಯ ಹಿಂದಿನಿಂದ ಅಂದಪ್ಪ ಬುಟ್ಟಿಸಮೇತ ಓಡಿಬಂದ. “ಏನು ಮಾಡಿದಿ? ಕೆಟ್ಟಿತಲ್ಲ ಎಲ್ಲಾ!”

“ಅಂವ ಎಲ್ಲಿ ಕೇಳ್ಯಾನ್ರಿ? ನಾನಾ ಹೇಳಿದೆ. ಕೇಳಿಸಿಕೊಂಡ್ರ ಅಪಶಕುನ, ಹೇಳಿದ್ರ ಏನೈತಿ?”

ಜಾರುತ್ತಿದ್ದ ಬುಟ್ಟಿಯನ್ನು ಅಂದಪ್ಪ ಹಿಡಿದುಕೊಂಡ. “ಹಂಗಾದ್ರ ಎದುರಿಗೆ ಬಂದವರಿಗೆಲ್ಲಾ ಮೊದಲಾ ಹೇಳಕೋಂತ ರಸ್ತೇಗುಂಟನಾ ಹೋಗಬಹುದಿತ್ತಲ್ಲ? ಮುಂಜಾನಿ ಯಾಕ ಹೇಳಲಿಲ್ಲ?”

“ಮುಂಜಾನಿ ಇಷ್ಟು ಹೊತ್ತಾಗಿರಲಿಲ್ಲಲ್ರಿ.”

ಗಾಳದವನಿಗೆ ಈಗ ಜೀವ ಬಂತು. ಅವನು ಮದಾರಸಾಬ, ಕಾರಟಗಿಯವನು, ತಂಗಿಯ ಮನೆಗೆ ಬಂದವನು. “ಮುಂಜಾನಿಂದ ಕಲ್ಲಿನ ಹಿಂದ ರುಮಾಲೊಂದು ಇಣಕತೈತಿ, ಮುಳಗತೈತಿ. ಹೊಳೀ ಕಾವಲಿನವರಾ ನನ್ನ ಬೆನ್ನು ಹತ್ಯಾರಂತ ಹೆದರಿ, ಜಾಗಾ ಬದಲಿ ಮಾಡೂದಾ ಆತ್ರಿ. ದಾರಿ ನನಗೇನು ಕೇಳ್ತೀರಿ? ಓಡಿ ಓಡಿ ನನಗಾ ದಾರಿ ತಪ್ಪೇತಿ” ಎಂದ.

ಹಾಗಾದರೆ ಸುತ್ತಿದ್ದು ತಾವೋ, ಇವನೋ, ಅಥವಾ ನಿಜವಾಗಿಯೂ ಹೊಳೆಯೋ? ಅಂದಪ್ಪ ಬುಟ್ಟಿ ಇಳಿಸಿ, ತಲೆಯ ಮೇಲೆ ಕೈಹೊತ್ತು ಕೂತ. ಮದಾರಸಾಬನೂ ಪಕ್ಕದಲ್ಲೇ ಕೂತ. ಇಬ್ಬರು ಗಂಡಸರು ಹಾಗೆ ಕೂತಿರುವಾಗ ಶಿವಬಸಮ್ಮ ಕಚ್ಚೆ ಬಿಗಿದು ಎತ್ತರದ ಬಂಡೆಯೊಂದನ್ನು ಹತ್ತಿದಳು. ಹತ್ತಿ, ಕೊರಳು ಹರಿಯುವ ಹಾಗೆ ಕೂಗಿದಳು.

“ಸಾಣಾಪುರಕ್ಕ ಹೊಂಟೀವ್ರೆವ್ವೋ... ದಾರಿ ಯಾವುದ್ರೆವ್ವೋ...”

ಬಂಡೆಯ ಆಚೆಯಿಂದ, ಕೂಗಳತೆಯಷ್ಟೂ ದೂರವಿಲ್ಲದ ಕಡೆಯಿಂದ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳ ದನಿ ಬಂತು. “ಹಂಗ್ಯಾಕ ಒದರತಿ ಬೇ? ಇದಾ ಸಾಣಾಪುರ. ಇಳದು ಬಾ.”

ಮೂವರೂ ದನಿ ಬಂದತ್ತ ಓಡಿದರು. ಶೇಖರಮ್ಮ ಹೊಸ್ತಿಲಲ್ಲೇ ನಿಂತಿದ್ದಳು, ಮುಖ ಬಾಡಿತ್ತು. ತಾಯಿಯನ್ನು ಕಂಡವಳೇ ನಕ್ಕಳು, ನಗುತ್ತಲೇ ಅತ್ತಳು. “ಬಂದಿ ಅವ್ವಾ?” ಎಂದಳು, ಅಷ್ಟೇ. ಹಸಿರು ಸೀರೆ ಉಟ್ಟು ಅವಳು ಮಣೆಯ ಮೇಲೆ ಕೂತು ಆರತಿ ಎತ್ತಿಸಿಕೊಂಡ ಮೇಲೆಯೇ ಆ ಮನೆಯಲ್ಲಿ ದೀಪ ಹಚ್ಚಿದ್ದು. ಅಂದಪ್ಪನ ಕಣ್ಣೂ ತುಂಬಿ ಬಂತು. ಬಂಡೆಯ ಧೂಳು ಬಿದ್ದಿದೆ ಎಂದು ಉಜ್ಜಿಕೊಂಡ.

ಮದಾರಸಾಬನನ್ನೂ ಬಿಡದೆ ಕೂರಿಸಿ ಊಟಕ್ಕೆ ಬಡಿಸಿದರು. ಬೀಗ ದೇವೇಂದ್ರಪ್ಪ ತಾನೇ ಹೋಳಿಗೆಗೆ ತುಪ್ಪ ಸುರಿಯುತ್ತ ಅಂದಪ್ಪನ ಮುಂದೆ ನಿಂತ.

“ಬೀಗರ, ನಿಮ್ಮನ್ನ ಕರಕೊಂಡು ಬಾ ಅಂತ ರಸ್ತೇಕ ಗಾಡಿ ಕಳಿಸಿದ್ದೆ. ಕಾದು ಕಾದು ಬರೇ ಗಾಡಿ ತಿರುಗಿ ಬಂತು. ನೀವು ಯಾವ ದಾರೀಲೆ ಬಂದ್ರಿ?”

ಅಂದಪ್ಪ ಮದಾರಸಾಬನ ಮುಖ ನೋಡಿದ. ಮದಾರಸಾಬ ಹೋಳಿಗೆಯ ಮುಖ ನೋಡಿದ.

“ದಾರೀಲೆ ಎಲ್ಲಿ ಬಂದ್ವಿ ಅಣ್ಣಾರ?” ಎಂದಳು ಶಿವಬಸಮ್ಮ, ಮಗಳ ಸೆರಗು ಸರಿಪಡಿಸುತ್ತ. “ಇವರು ಮುಂದಿದ್ರು.”