ಅತ್ತೆಯ ಹಾಡಿಗೆ ಜರ್ಮನಿಯ ಕರೆಂಟು

ಗಂಡನಿಗೆ ಗೊತ್ತಿರುವ ವಿದ್ಯೆಯನ್ನು ಹೆಂಡತಿ ಅವನನ್ನೇ ಕೇಳಿ ತಿಳಿದುಕೊಳ್ಳಬೇಕಾಗಿ ಬಂದರೆ, ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ. ನಮ್ಮವರದು ಗಡಿಯಾಚೆಯ ನಿಲಂಗಾದಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ಸುತ್ತಲಿನ ಬಾವಿಗಳ ಸುಟ್ಟ ಮೋಟಾರುಗಳೆಲ್ಲ ಅವರ ಮುಂದೆ ಸಾಲುಗಟ್ಟಿ ಕೂತಿರುತ್ತವೆ. ಜೇಬಿನಲ್ಲಿ ಪೆನ್ನು ಇರದಿದ್ದರೂ ಟೆಸ್ಟರ್ ಇರುತ್ತದೆ. ನಾನು ಅದೇ ಊರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಮನೆಯಲ್ಲಿ ಬಲ್ಬು ಹೋಯಿತೆಂದು ಸ್ಟೂಲು ಎಳೆದರೆ ಸಾಕು, "ನೀ ಮುಟ್ಟಬ್ಯಾಡ, ಆ ಕಡಿ ಸರಿ" ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನ್ನ ಮೈಯೆಲ್ಲ ಉರಿದುಹೋಗಿದೆ. ಹಾಗಾಗಿ ಜರ್ಮನಿಗೆ ಹೊರಟಾಗ ಮನಸ್ಸಿನಲ್ಲೇ ಶಪಥ ಮಾಡಿದೆ: ಆಕಾಶವೇ ಕಳಚಿ ಬೀಳಲಿ, ಕರೆಂಟಿನ ವಿಷಯಕ್ಕೆ ಮಾತ್ರ ಇವರಿಗೆ ಫೋನ್ ಮಾಡುವುದಿಲ್ಲ.

ಹೊರಟದ್ದು ಕುರಿ ಸಾಕುವವರ ಹಾಡುಗಳ ಬಗ್ಗೆ ಒಂದು ಸಭೆಯಲ್ಲಿ ಮಾತಾಡಲು. ಮಾತು ನನ್ನದಾದರೂ ಸರಕೆಲ್ಲ ನಮ್ಮತ್ತೆಯದು. ತಮ್ಮೂರು ಗುಂಜೋಟಿಯ ಮನೆಯಲ್ಲಿ ಉಣ್ಣೆ ನೂಲುತ್ತಾ ಕೂತರೆ ಬೀರಪ್ಪನ ಹಾಡನ್ನು ತಾಸುಗಟ್ಟಲೆ ಹಾಡುತ್ತಾರೆ. ಅದೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಹೊರಡುವ ದಿನ ಕೈ ಹಿಡಿದುಕೊಂಡು, "ಯವ್ವಾ, ನಮ್ಮ ಬೀರಪ್ಪನ ಹಾಡ ಅಲ್ಲಿ ಮಂದಿ ಕಿವಿಗಿ ಬೀಳಬೇಕ ನೋಡ. ನಾ ಊರತುಂಬ ಹೇಳ್ಕೊಂಡ ಕುಂತೀನಿ" ಎಂದಿದ್ದರು. ಆ ಲ್ಯಾಪ್‌ಟಾಪೋ, ಕಾಲೇಜು ಕೊಟ್ಟ ಹಳೇ ಭಾರ. ಬ್ಯಾಟರಿ ಎಂದೋ ಸತ್ತಿದೆ. ವೈರು ಕಿತ್ತ ಕ್ಷಣ ಅದೂ ಸಾಯುತ್ತದೆ. ಹಾಡನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ಹಾಕಿಕೊಂಡಿದ್ದೆ. ಅದು ನಿಲಂಗಾದ ಮನೆಯ ಫ್ರಿಜ್ಜಿನ ಮೇಲೆ ಸುಖವಾಗಿತ್ತು.

ಭಾನುವಾರ ಮಧ್ಯಾಹ್ನ ಆ ಸಣ್ಣ ಊರಿಗೆ ತಲುಪಿದೆ. ಮರುದಿನ ಬೆಳಿಗ್ಗೆ ನನ್ನ ಭಾಷಣ. ಉಳಿದುಕೊಂಡದ್ದು ವಯಸ್ಸಾದ ಹೆಂಗಸೊಬ್ಬರ ಮನೆಯಲ್ಲಿ. ಕೋಣೆಯ ಗೋಡೆಯಲ್ಲಿ ಪ್ಲಗ್ ಹಾಕುವ ಗುಂಡನೆಯ ಗುಳಿ ಇತ್ತು, ಪಕ್ಕದಲ್ಲಿ ಬಟನ್ನೇ ಇರಲಿಲ್ಲ! ಬಟನ್ ಒತ್ತದೆ ಕರೆಂಟು ಹೇಗೆ ಬಂದೀತು? ಮಂಚ ಸರಿಸಿದೆ, ಪರದೆ ಎತ್ತಿದೆ, ಬೀರುವಿನ ಹಿಂದೆ ಇಣುಕಿದೆ. ಕೊನೆಗೆ ಮನೆಯೊಡತಿಯನ್ನು ಕರೆದು "ಸ್ವಿಚ್, ಸ್ವಿಚ್" ಎಂದೆ. ಆಕೆ ಪ್ರೀತಿಯಿಂದ ಕೋಣೆಯ ದೀಪ ಹಾಕಿದರು. ತಲೆ ಅಲ್ಲಾಡಿಸಿದೆ. ಆರಿಸಿದರು. ಇದು ನಾಲ್ಕೈದು ಸಲ ನಡೆಯಿತು. ಆಕೆ ಹೋದ ಮೇಲೆ ಸುಮ್ಮನೆ ಮೊಬೈಲ್ ಚಾರ್ಜರ್ ಚುಚ್ಚಿದರೆ, ಅರೇ, ಚಾರ್ಜ್ ಆಗತೊಡಗಿತು! ಕೇಳದೆಯೇ ಬರುವ ಕರೆಂಟನ್ನು ನಾನು ಜನ್ಮದಲ್ಲಿ ಮೊದಲ ಸಲ ನೋಡಿದ್ದು.

ಆದರೆ ಲ್ಯಾಪ್‌ಟಾಪಿನದು ನಮ್ಮ ಮೂರು ಕಾಲಿನ ಪ್ಲಗ್ಗು. ಅದಕ್ಕೆಂದೇ ಉದಗೀರದಲ್ಲಿ ಒಂದು ಅಡಾಪ್ಟರ್ ಕೊಂಡಿದ್ದೆ. ಅಂಗಡಿಯವ, "ಮ್ಯಾಡಮ್, ದುನಿಯಾದಾಗ ಎಲ್ಲಿ ಬೇಕಾದ್ರೂ ಹೋಗ್ರಿ, ಇದು ನಡೀತದ" ಎಂದಿದ್ದ. ಅದು ಚೌಕ, ಗೋಡೆಯ ಗುಳಿ ಗುಂಡು. ಅಡಾಪ್ಟರ್ ಬಾಗಿಲಲ್ಲೇ ನಿಂತುಬಿಟ್ಟಿತು. ತಿರುಗಿಸಿದೆ, ಒತ್ತಿದೆ, ಬೈದೆ. ಕೊಳ್ಳೋಣವೆಂದರೆ ಭಾನುವಾರ ಅಲ್ಲಿ ಊರಿಗೆ ಊರೇ ಬಂದ್. ಅಷ್ಟರಲ್ಲಿ ನಮ್ಮವರ ಫೋನು. "ಎಲ್ಲಾ ಬರೋಬರ್ ಅದನು? ಕಂಪ್ಯೂಟರ್ ಚಾಲು ಆತು?"

"ಎಲ್ಲಾ ಫಸ್ಟ್‌ಕ್ಲಾಸ್ ಅದರೀ" ಎಂದು ಹೇಳಿ ಫೋನ್ ಇಟ್ಟೆ. ಇಟ್ಟವಳೇ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಊರತುಂಬ ಹೇಳಿಕೊಂಡು ಕೂತಿದ್ದ ಆ ಮುದುಕಿಯ ಮುಖ ಕಣ್ಣ ಮುಂದೆಯೇ ಇತ್ತು.

ಮುಖ ತೊಳೆದು ಚಹಾಕ್ಕೆಂದು ಕೆಳಗಿಳಿದರೆ, ಮನೆಯೊಡತಿ ಟಿವಿಯ ಧೂಳು ಒರೆಸುತ್ತಿದ್ದರು. ಟಿವಿ ಆಚೀಚೆ ಸರಿಯುವಾಗ ಅದರ ಬೆನ್ನಿನಿಂದ ವೈರು ಕಳಚಿ ನೆಲಕ್ಕೆ ಬಿತ್ತು. ತುದಿಯಲ್ಲಿ ಮೂರು ತೂತಿನ ಕರಿ ಮೂತಿ. ಇದನ್ನು ಎಲ್ಲೋ ನೋಡಿದ್ದೇನಲ್ಲ! ಮೇಲಕ್ಕೆ ಓಡಿದೆ.

ನನ್ನ ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಪ್ಲಗ್ಗಿನ ವೈರು ಆ ಇಟ್ಟಿಗೆಯಂಥ ಡಬ್ಬಿಗೆ ಸೇರುವ ಕಡೆ ಕರಿ ಟೇಪಿನ ದೊಡ್ಡ ಗಂಟು. ನಮ್ಮನೆಯಲ್ಲಿ ಸಡಿಲಾದದ್ದಕ್ಕೆಲ್ಲ ಅದೇ ಔಷಧ. ನಮ್ಮವರು ಅಂಗಡಿಯಿಂದ ಟೇಪು ತರುತ್ತಾರೆ, ನಾನು ಸುತ್ತುತ್ತೇನೆ. ರಿಮೋಟಿಗೆ ಸುತ್ತಿದ್ದೇನೆ, ಕಸಬರಿಗೆಗೆ ಸುತ್ತಿದ್ದೇನೆ, ಮಾವನವರ ಕನ್ನಡಕಕ್ಕೂ ಸುತ್ತಿದ್ದೇನೆ. ಚಾರ್ಜರಿಗೂ ನಾನೇ ಸುತ್ತಿ ಮರೆತು, ವೈರೂ ಡಬ್ಬಿಯೂ ಹುಟ್ಟಿದ್ದೇ ಒಂದಾಗಿ ಎಂದುಕೊಂಡಿದ್ದೆ. ಉಗುರಿನಿಂದ ಕೆರೆದೆ, ಹಲ್ಲಿನಿಂದ ಕಚ್ಚಿ ಎಳೆದೆ. ಸುರುಳಿ ಸುರುಳಿಯಾಗಿ ಟೇಪು ಬಿಚ್ಚಿಕೊಂಡು ವೈರು ಕೈಗೆ ಬಂತು. ನೋಡಿದರೆ, ಅದೇ ಮೂರು ತೂತು!

ಕೆಳಗೆ ಅಷ್ಟರಲ್ಲಿ ಧಾರಾವಾಹಿ ಶುರುವಾಗಿತ್ತು. ಬೇರೆಯವರ ಧಾರಾವಾಹಿ ನಿಲ್ಲಿಸಿ ವೈರು ಕೇಳುವುದು ಎಂಥ ಪಾಪವೆಂದು ನನಗೆ ಗೊತ್ತಿಲ್ಲವೇ? ಆದರೂ ಲ್ಯಾಪ್‌ಟಾಪು ಸಮೇತ ಕೆಳಗಿಳಿದು, ಡಬ್ಬಿ ತೋರಿಸಿ, ಟಿವಿ ತೋರಿಸಿ, ಕೈ ಮುಗಿದೆ. ಆಕೆ ಒಂದು ಗಳಿಗೆ ನನ್ನ ಕೆಂಪಾದ ಕಣ್ಣು ನೋಡಿದರು. ಟಿವಿ ಆರಿಸಿ ವೈರು ಕಿತ್ತು ಕೊಟ್ಟರು. ಅದರ ಮೂತಿಯನ್ನು ನನ್ನ ಡಬ್ಬಿಗೆ ಒತ್ತಿ, ಇನ್ನೊಂದು ತುದಿಯ ಗುಂಡನೆಯ ಪ್ಲಗ್ಗನ್ನು ಗೋಡೆಗೆ ಚುಚ್ಚಿದೆ. ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪು ಗೊರ್ ಎಂದು ಎದ್ದು ಕೂತಿತು. ನಾನು ಆ ಹೆಂಗಸನ್ನು ತಬ್ಬಿಕೊಂಡು ಗಿರಗಿರನೆ ತಿರುಗಿಸಿಬಿಟ್ಟೆ! ಆಮೇಲೆ ಅತ್ತೆಯ ಹಾಡು ಹಚ್ಚಿದೆ. ಆಕೆ ತನ್ನ ಧಾರಾವಾಹಿ ಮರೆತು ಮೇಜಿನ ಮೇಲೆ ತಾಳ ಹಾಕುತ್ತಾ ಕೊನೆಯವರೆಗೂ ಕೇಳಿದರು.

ಮರುದಿನ ಅದೇ ವೈರಿನಲ್ಲಿ ಸಭೆ ಗೆದ್ದೆ. ಹಾಡು ಮುಗಿದಾಗ ಇನ್ನೊಮ್ಮೆ ಹಾಕಿ ಎಂದರು. ನಾನು ಗತ್ತಿನಿಂದ ಹಾಕಿದೆ. ಹೊರಗೆ ಬಂದವಳೇ ವಿಡಿಯೋ ಕಾಲ್ ಮಾಡಿದೆ. ನಮ್ಮವರು ಗುಂಜೋಟಿಯಲ್ಲಿ ಅತ್ತೆಯ ಪಕ್ಕದಲ್ಲೇ ಕೂತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಟಿವಿ ವೈರ್ ಹಚ್ಚಿದಿ? ಭಾರಿ ಮಾಡ್ದಿ ಬಿಡ!" ಎಂದರು ನಮ್ಮವರು. ಆ ಒಂದು ಮಾತಿಗೆ ಇಷ್ಟು ವರ್ಷ ಕಾದಿದ್ದೆ.

ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಫೋನಿಗೆ ಮುಖ ತಂದು, "ಇಷ್ಟ್ಯಾಕ ತ್ರಾಸ್ ಮಾಡ್ಕೊಂಡಿ ಯವ್ವಾ? ಕರೆಂಟ್ ಇಲ್ದಿದ್ರ ನೀನೇ ಹಾಡಬೇಕಿತ್ತು. ಮೂರ್ ವರ್ಷಾತು, ಮುಂದ ಕುಂದ್ರಿಸ್ಕೊಂಡ ಕಲಸ್ಲಿಕತ್ತೀನಿ. ಎಲ್ಲಿ, ಒಂದೆರಡ ನುಡಿ ಹಾಡ, ಕೇಳೂಣು" ಎಂದರು.

ಗಂಟಲು ಸರಿಮಾಡಿಕೊಂಡು ಮೊದಲ ನುಡಿ ಹಾಡಿದೆ. ಚೆನ್ನಾಗಿಯೇ ಬಂತು. ಆಮೇಲೆ ಆಕಾಶ ನೋಡಿದೆ, ನೆಲ ನೋಡಿದೆ.

"ಹಲೋ, ಹಲೋ ಅತ್ತಿ, ಕೇಳಿಸವಲ್ದರೀ, ಇಲ್ಲಿ ಕರೆಂಟ್ ಹೋಯ್ತರೀ!" ಎಂದು ಕೂಗಿ ಗುಂಡಿ ಒತ್ತುವಷ್ಟರಲ್ಲಿ, ಆ ಕಡೆಯಿಂದ ನಮ್ಮವರ ದನಿ ಸ್ಪಷ್ಟವಾಗಿ ಕೇಳಿಸಿತು:

"ಅವ್ವಾ, ಆಕಿಗಿ ಎರಡನೇ ನುಡಿ ಬರಂಗಿಲ್ಲ."